ಗುಂಗುರು ಕೂದಲಿಗೆ ‘ಕೆದರಿದ ತಲೆ’ ಅನ್ನೋ ಹಣೆಪಟ್ಟಿ ಯಾಕೆ? ಬಾಚೋದು, ಜಡೆ, ಸ್ಟ್ರೈಟನಿಂಗ್ ಬಗ್ಗೆ ಚರ್ಚೆ

ಹೊಳೆಸಾಲು:
ಮಗುವಿಗೆ ಗುಂಗುರು ಕೂದಲಿದ್ದರೆ ಎರಡು ಮೂರು ವರ್ಷದ ತನಕ ಎಲ್ಲರೂ ಮುದ್ದು ಮಾಡ್ತಾರೆ. ಶಾಲೆಗೆ ಸೇರಿದ ಮೇಲೆ ಅದೇ ಕೂದಲು ‘ಕಾಗೆ ಗೂಡು’, ‘ಸಾಯಿಬಾಬಾ’ ಆಗುತ್ತೆ. ಹೆಣ್ಣುಮಗುವಾದ್ರೆ ‘ದೊಡ್ಡವಳಾದ ಮೇಲೆ ಸ್ಟ್ರೈಟ್ ಮಾಡಿಸಿದ್ರಾಯ್ತು ಬಿಡಿ’ ಅನ್ನೋ ಸಮಾಧಾನ ಬೇರೆ. ಹುಡುಗಿ ನೋಡೋಕೆ ಗಂಡಿನ ಕಡೆಯವರು ಬರ್ತಾರೆ ಅಂದ್ರೆ ಹಿಂದಿನ ದಿನ ಪಾರ್ಲರ್‌ಗೆ ಕರ್ಕೊಂಡು ಹೋಗಿ ಐರನ್ ಮಾಡಿಸೋದು ಎಷ್ಟೋ ಮನೆಗಳಲ್ಲಿ ರೂಢಿ ಆಗಿಬಿಟ್ಟಿದೆ.

ನನ್ನ ವಾದ ಇಷ್ಟು. ನಮ್ಮಲ್ಲಿ ಕೂದಲು ನೋಡಿಕೊಳ್ಳೋ ಕ್ರಮವೆಲ್ಲ ನೇರ ಕೂದಲಿಗೆ ಅಂತಲೇ ಬೆಳೆದದ್ದು: ಒಣಗಿಸು, ಎಣ್ಣೆ ಹಚ್ಚು, ಸಿಕ್ಕು ಬಿಡಿಸು, ದಿನಾ ಬಾಚು, ಹೆಣೆ. ಇದನ್ನ ಗುಂಗುರು ಕೂದಲಿಗೆ ಮಾಡಿದ್ರೆ ಅದು ಖಂಡಿತ ಕೆದರುತ್ತೆ. ಕೆದರಿದ ಮೇಲೆ ‘ನೋಡು, ಎಷ್ಟು ಬಾಚಿದರೂ ಕೂರಲ್ಲ’ ಅಂತ ಕೂದಲನ್ನೇ ಬೈಯ್ತೀವಿ. ಸೌಂದರ್ಯದ ಅಭಿಪ್ರಾಯ ಮತ್ತು ಬಾಚಣಿಗೆ ಹಿಡಿಯೋ ರೀತಿ, ಎರಡನ್ನೂ ಒಟ್ಟಿಗೇ ಮಾತಾಡಬೇಕು. ಗೊತ್ತಿರೋರು ವಿವರವಾಗಿ ಬರೀರಿ: ತೊಳೆಯೋದು ಹೇಗೆ, ಶಾಲೆಯ ಎರಡು ಜಡೆ ಹಾಕೋದು ಹೇಗೆ, ಪಾರ್ಲರ್‌ನಲ್ಲಿ ನಿಜವಾಗಿ ಏನು ನಡೆಯುತ್ತೆ, ಮನೆ ಹಿರಿಯರಿಗೆ ಏನು ಹೇಳೋದು.

ರಸಾಯನ ಮೇಷ್ಟ್ರು:
ಒಣಗಿದ್ದಾಗ ಬಾಚಿದರೆ ಯಾಕೆ ಕೆದರುತ್ತೆ ಅನ್ನೋದರಿಂದ ಶುರು ಮಾಡ್ತೀನಿ.

ಕೂದಲು ಗುಂಗುರಾಗೋದು ಚರ್ಮದ ಒಳಗೇ ತೀರ್ಮಾನ ಆಗಿರುತ್ತೆ. ಕೂದಲು ಹುಟ್ಟೋ ಕುಳಿ ಬಾಗಿದ್ದರೆ ಎಳೆ ಸುರುಳಿಯಾಗಿಯೇ ಹೊರಬರುತ್ತೆ. ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೇರ ಕೂದಲು ಹೆಚ್ಚುಕಮ್ಮಿ ಗುಂಡಗೆ, ಗುಂಗುರು ಕೂದಲು ಚಪ್ಪಟೆ ಅಂಡಾಕಾರ. ಎಳೆಯ ಒಳಗಿರೋದು ಕೆರಾಟಿನ್ ಅನ್ನೋ ಪ್ರೋಟೀನ್. ಅದರ ಆಕಾರ ಹಿಡಿದಿಡೋ ಬಂಧಗಳಲ್ಲಿ ಇಲ್ಲಿ ಮುಖ್ಯವಾದವು ಎರಡು. ಒಂದು ಗಂಧಕದ ಡೈಸಲ್ಫೈಡ್ ಬಂಧ. ಅದು ಗಟ್ಟಿ, ನೀರಿಗೆ ಬಗ್ಗಲ್ಲ. ಇನ್ನೊಂದು ಹೈಡ್ರೋಜನ್ ಬಂಧ. ಅದು ನೀರು ತಾಗಿದ ಕೂಡಲೇ ಬಿಡುತ್ತೆ, ಒಣಗುವಾಗ ಎಳೆ ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಕೂಡುತ್ತೆ. ಹಾಗಾಗಿ ಗುಂಗುರು ಕೂದಲು ಆ ದಿನ ಹೇಗೆ ಕಾಣುತ್ತೆ ಅನ್ನೋದು ಒಣಗೋ ಹೊತ್ತಿನಲ್ಲಿ ನಿರ್ಧಾರ ಆಗುತ್ತೆ.

ಸುರುಳಿ ಅಂದ್ರೆ ಒಂದೇ ಎಳೆ ಇರಲ್ಲ. ಹತ್ತಾರು ಎಳೆ ಒಂದೇ ಕಡೆ ತಿರುಗಿ ಗೊಂಚಲಾಗಿ ಕೂತಿರುತ್ತೆ. ಒಣಗಿದ ಮೇಲೆ ಬಾಚಣಿಗೆ ಹಾಕಿದರೆ ಗೊಂಚಲು ಒಡೆದು ಎಳೆ ಎಳೆ ಬೇರೆ ಆಗುತ್ತೆ, ಪ್ರತಿ ಎಳೆಯೂ ತನ್ನ ತಿರುವಿನ ಕಡೆ ಹೋಗುತ್ತೆ. ನಾವು ಕೆದರೋದು ಅನ್ನೋದು ಇದನ್ನೇ.

ಎರಡನೇ ವಿಷಯ ಜಿಡ್ಡು. ನೆತ್ತಿಯಿಂದ ಬರೋ ಸಹಜ ಎಣ್ಣೆ ನೇರ ಎಳೆ ಮೇಲೆ ತುದಿ ತನಕ ಸಲೀಸಾಗಿ ಇಳಿಯುತ್ತೆ, ಸುರುಳಿಯಲ್ಲಿ ಪ್ರತಿ ತಿರುವಿನಲ್ಲೂ ನಿಲ್ಲುತ್ತೆ. ಅದಕ್ಕೇ ಗುಂಗುರು ಕೂದಲಿನವರಿಗೆ ನೆತ್ತಿ ಜಿಡ್ಡು, ತುದಿ ಒಣಕಲು. ವಾರಕ್ಕೆ ನಾಲ್ಕು ಸಲ ಶಾಂಪೂ ಹಾಕಿದರೆ ತುದಿಗೆ ಉಳಿದಿದ್ದ ಅಷ್ಟಿಷ್ಟೂ ಹೋಗುತ್ತೆ.

‘ಒದ್ದೆ ಕೂದಲು ಬಾಚಬೇಡ’ ಅಂತ ಹಿರಿಯರು ಹೇಳೋದರಲ್ಲಿ ಹುರುಳಿದೆ. ನೆನೆದ ಎಳೆ ಹೆಚ್ಚು ಹಿಗ್ಗುತ್ತೆ, ಸುಲಭವಾಗಿ ತುಂಡಾಗುತ್ತೆ. ಆದರೆ ಕಂಡೀಷನರ್ ಹಚ್ಚಿ ಜಾರುವಂತಿದ್ದಾಗ ಅಗಲ ಹಲ್ಲಿನ ಬಾಚಣಿಗೆ ಹಾಕಿದರೆ ಗುಂಗುರು ಕೂದಲು ಒಣ ಬಾಚುವಿಕೆಗಿಂತ ಕಡಿಮೆ ಮುರಿಯುತ್ತೆ. ಬರೀ ನೀರಲ್ಲಿ ಒದ್ದೆ ಮಾಡಿ ಬಾಚೋದು ಬೇರೆ, ಕಂಡೀಷನರ್ ಇಟ್ಟುಕೊಂಡು ಬಾಚೋದು ಬೇರೆ.

ಕಡಲತಡಿ:
ತೊಳೆಯುವ ಕ್ರಮ ನಾನು ಬರೆಯುತ್ತೇನೆ. ಭುಜದವರೆಗಿನ ಕೂದಲು ಅಂತ ಲೆಕ್ಕ ಇಟ್ಟುಕೊಳ್ಳಿ, ಉದ್ದ ಇದ್ದರೆ ಅಳತೆ ಹೆಚ್ಚು ಮಾಡಿ.

ತೊಳೆಯುವ ಒಂದು ಗಂಟೆ ಮೊದಲು ಎರಡು ಟೀ ಚಮಚ ತೆಂಗಿನೆಣ್ಣೆ. ನೆತ್ತಿಗೆ ಸುರಿಯುವುದು ಬೇಡ, ಕಿವಿಯಿಂದ ಕೆಳಗೆ ಎಳೆಗಳಿಗೆ ಹಚ್ಚಿ. ಶಾಂಪೂ ನೆತ್ತಿಗೆ ಮಾತ್ರ. ಬೆರಳ ತುದಿಯಲ್ಲಿ ಉಜ್ಜಿ, ಉಗುರು ಬೇಡ. ತೊಳೆಯುವಾಗ ಇಳಿಯುವ ನೊರೆಯೇ ತುದಿಗೆ ಸಾಕು. ನೀರು ಉಗುರು ಬೆಚ್ಚಗೆ ಇರಲಿ. ಅಭ್ಯಂಜನದ ಹಾಗೆ ಹಬೆಯಾಡುವ ನೀರು ಹೊಯ್ದರೆ ತುದಿ ಒಣಗುತ್ತದೆ.

ಆಮೇಲೆ ಕೂದಲನ್ನು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕಿ. ಒಂದೊಂದು ಪಾಲಿಗೆ ಅರ್ಧದಿಂದ ಮುಕ್ಕಾಲು ದೊಡ್ಡ ಚಮಚ ಕಂಡೀಷನರ್. ಮೊದಲು ಬೆರಳಲ್ಲಿ ಸಿಕ್ಕು ಬಿಡಿಸಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಬೇಕು. ಬುಡದಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಒಂದೇ ಗಂಟಾಗಿ ಕೂದಲು ತುಂಡಾಗುತ್ತದೆ. ಮೂರ್ನಾಲ್ಕು ನಿಮಿಷ ಬಿಟ್ಟು ತೊಳೆಯಿರಿ.

ಈಗ ಮುಖ್ಯವಾದದ್ದು. ನೀರು ತೊಟ್ಟಿಕ್ಕುತ್ತಿರುವಾಗಲೇ ಜೆಲ್ ಹಚ್ಚಬೇಕು. ಒಂದೂವರೆ ದೊಡ್ಡ ಚಮಚ ಜೆಲ್ ಎರಡೂ ಅಂಗೈಗೆ ಸವರಿಕೊಂಡು, ತಲೆ ಬಗ್ಗಿಸಿ, ತುದಿಯನ್ನು ಅಂಗೈಯಲ್ಲಿಟ್ಟು ನೆತ್ತಿಯ ಕಡೆಗೆ ಒತ್ತಿ ಹಿಂಡಿ. ‘ಪಿಚಕ್ ಪಿಚಕ್’ ಅಂತ ಶಬ್ದ ಬಂದರೆ ನೀರು ಸಾಕಷ್ಟು ಉಂಟು. ಶಬ್ದ ಇಲ್ಲವಾದರೆ ಒಂದು ಹಿಡಿ ನೀರು ಹಾಕಿ ಮತ್ತೆ ಹಿಂಡಿ. ಉಜ್ಜಲಿಕ್ಕೆ ದಪ್ಪ ಟರ್ಕಿ ಟವೆಲ್ ಬೇಡ. ತೆಳು ಬೈರಾಸು, ಹಳೆ ಪಂಚೆ, ಹಳೆ ಬನಿಯನ್ ಇದ್ದರೆ ಅದರಲ್ಲಿ ಅದೇ ರೀತಿ ಕೆಳಗಿಂದ ಮೇಲಕ್ಕೆ ಒತ್ತಿ ನೀರು ಹೀರಿಸಿ. ಟವೆಲ್ ಸುತ್ತಿ ಮುಡಿ ಕಟ್ಟಿದರೆ ಗೊಂಚಲೆಲ್ಲ ಹಾಳು.

ಪೂರ್ತಿ ಒಣಗುವವರೆಗೆ ಕೈ ಹಾಕಬೇಡಿ. ಒಣಗಿದ ಮೇಲೆ ಜೆಲ್ ಗರಿಗರಿ ಆಗಿ ಕೂದಲು ಬಿಗಿದಂತಿರುತ್ತದೆ, ಹೊಸಬರು ಅಲ್ಲಿಗೇ ‘ಇದು ಆಗುವುದಿಲ್ಲ ಮಾರಾಯ್ರೆ’ ಅಂತ ಬಿಡುವುದು. ಅಂಗೈಗೆ ಎರಡು ಮೂರು ಹನಿ ಎಣ್ಣೆ ಸವರಿ ಹಗುರಾಗಿ ಹಿಚುಕಿದರೆ ಬಿಗಿತ ಹೋಗಿ ಮೆತ್ತಗಿನ ಸುರುಳಿ ಉಳಿಯುತ್ತದೆ.

ತಪ್ಪುವುದು ಎಲ್ಲಿ ಅಂದರೆ: ಮೇಲ್ಪದರದಲ್ಲಿ ಮಾತ್ರ ಕೆದರಿದ್ದರೆ ಒಣಗುವಾಗ ಕೈ ಹಾಕಿದ್ದೀರಿ. ಸಣಕಲು ಸಣಕಲು ಎಳೆಗಳಾಗಿದ್ದರೆ ನೀರು ಕಡಿಮೆಯಾಗಿದೆ. ಸುರುಳಿ ಜೋತು ಬಿದ್ದು ಅಂಟಂಟಾಗಿದ್ದರೆ ಕಂಡೀಷನರ್ ಪೂರ್ತಿ ಹೋಗಿಲ್ಲ. ಒಣಗಿದ ಮೇಲೆ ಬಿಳಿ ಪುಡಿ ಉದುರಿದರೆ ತೊಳೆಯದೆ ಬಿಡುವ ಕ್ರೀಮು ಮತ್ತು ಜೆಲ್ ಒಂದಕ್ಕೊಂದು ಹೊಂದುತ್ತಿಲ್ಲ. ಕೊಳ್ಳುವ ಮೊದಲು ಎರಡನ್ನೂ ಅಂಗೈ ಮೇಲೆ ಒಂದೊಂದು ಹನಿ ಬೆರೆಸಿ ನೋಡಿ, ಮೊಸರಿನ ಹಾಗೆ ಒಡೆದರೆ ತಲೆಯಲ್ಲೂ ಹಾಗೆಯೇ ಆಗುವುದು.

ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಇಲ್ಲಿನ ಗಾಳಿಯಲ್ಲಿ ತೇವ ಅತಿಯಾಗಿರುತ್ತದೆ. ಜೆಲ್ ಡಬ್ಬಿಯ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ನಾಲ್ಕೈದರೊಳಗೆ ಗ್ಲಿಸರಿನ್ ಇದ್ದರೆ ಅದು ಆ ತೇವವನ್ನೆಲ್ಲ ಎಳೆದುಕೊಂಡು ಕೂದಲು ಉಬ್ಬಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ಲಿಸರಿನ್ ಇಲ್ಲದ, ಗಟ್ಟಿ ಹಿಡಿತದ ಜೆಲ್ ಒಳ್ಳೆಯದು.

ಮಲಪ್ರಭಾ:
ಕಡಲತಡಿ ಅವರು ಹೇಳಿದ್ದು ಖರೆ ಐತ್ರಿ, ಆದ್ರ ನಮ್ಮ ಬಯಲುಸೀಮಿಗೆ ಲೆಕ್ಕ ಉಲ್ಟಾ. ವಿಜಯಪುರ, ಕಲಬುರಗಿ ಕಡೆ ಚಳಿಗಾಲದಾಗ ಗಾಳಿ ಒಣಾ ಇರ್ತೈತಿ. ಗಾಳಿಯೊಳಗ ತೇವ ಸಿಗಲಿಲ್ಲಂದ್ರ ಗ್ಲಿಸರಿನ್ ಕೂದಲದಾಗಿನ ನೀರನ್ನ ಎಳೀತೈತಿ. ಅಂಥಾ ಹೊತ್ತಿನ್ಯಾಗ ಜೆಲ್ ಕೆಳಗ ಸ್ವಲ್ಪ ದಪ್ಪ ಕ್ರೀಮು ಹಚ್ಚಿ, ಮ್ಯಾಲ ಜೆಲ್ ಹಚ್ರಿ.

ಇನ್ನ ಇಲ್ಲಿ ಯಾರೂ ಹೇಳದ ದೊಡ್ಡ ವಿಷಯ ಬೋರ್ ನೀರು. ಕುಡಿಯೋ ನೀರಿಗೆ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ತನಕ ಇರಬೇಕು, ಬ್ಯಾರೆ ನೀರಿನ ಮೂಲ ಇಲ್ಲಂದ್ರ 600 ತನಕ ನಡೀತೈತಿ. ಸುಮಾರು ಬೋರ್‌ಗಳ ನೀರು 200 ದಾಟಿರ್ತೈತಿ. ಬಕೆಟ್, ನಲ್ಲಿ ಬಾಯಿಗೆ ಬಿಳಿ ಉಪ್ಪು ಕಟ್ಟೈತಿ ಅಂದ್ರ ಅದ ಕ್ಯಾಲ್ಸಿಯಂ ಕೂದಲಿಗೂ ಕಟ್ಟೈತಿ ಅಂತ ತಿಳೀರಿ. ಕಂಡೀಷನರ್ ಹಚ್ಚಿದ್ರೂ ಕೂದಲು ಒರಟಾಗೇ ಇರೋದು, ಜೆಲ್ ಹಿಡೀದೇ ಇರೋದು ಇದರಿಂದನ. ಸಾಬೂನು ಹಚ್ಚಿ ತಲಿ ತೊಳೀಲೇಬ್ಯಾಡ್ರಿ. ಗಡಸು ನೀರಿನ್ಯಾಗ ಸಾಬೂನು ನೊರಿ ಆಗೋ ಬದಲಿ ಜಿಗಟು ಕೆನಿ ಆಗಿ ಸುರುಳಿ ಒಳಗ ಕೂಡ್ತೈತಿ.

ಉಪಾಯ ಏನಂದ್ರ, ಎರಡು ಮೂರು ವಾರಕ್ಕೊಮ್ಮೆ ಇಡಿಟಿಎ (ಕ್ಯಾಲ್ಸಿಯಂ ಹಿಡಕೊಂಡು ತಗಿಯೋ ರಾಸಾಯನಿಕ) ಇರೋ, ಡಬ್ಬಿ ಮ್ಯಾಲ ‘ಕೀಲೇಟಿಂಗ್’ ಅಂತ ಬರೆದಿರೋ ಶಾಂಪೂ ಹಚ್ಚಿ ಐದು ನಿಮಿಷ ಬಿಟ್ಟು ತೊಳೀರಿ. ಕಟ್ಟಕಡೀ ಒಂದು ಚಂಬು ಕಾಸಿ ಆರಿಸಿದ ನೀರು, ಇಲ್ಲಾ ಮಳಿನೀರು, ಇಲ್ಲಾ ಫಿಲ್ಟರ್ ನೀರು ಹಾಕ್ರಿ. ವಿನಿಗರ್ ಹಾಕೋದಿದ್ರ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅದಕ್ಕಿಂತ ಹೆಚ್ಚು ಬ್ಯಾಡ. ಲಿಂಬಿಹಣ್ಣಿನ ರಸ ಹಂಗ ಹಚ್ಚಬ್ಯಾಡ್ರಿ, ನೆತ್ತಿ ಉರೀತೈತಿ. ಷವರ್‌ಗೆ ಹಾಕೋ ಸಣ್ಣ ಫಿಲ್ಟರ್‌ಗಳು ಕ್ಲೋರಿನ್ ಕಮ್ಮಿ ಮಾಡ್ತಾವ, ಗಡಸುತನ ತಗಿಯೂದಿಲ್ಲ. ಅದಕ್ಕ ರೊಕ್ಕ ಹಾಕೂಕಿಂತ ಮೊದಲ ಯೋಚನಿ ಮಾಡ್ರಿ.

ಅಂಗಳದ ದಾಸವಾಳ:
ಶಾಲೆ ಜಡೆ ಬಗ್ಗೆ. ಸಾಮಾನ್ಯವಾಗಿ ಶಾಲೆಯ ನಿಯಮ ಕೇಳೋದು ಎರಡು ಜಡೆ, ರಿಬ್ಬನ್. ಒಣ ಕೂದಲು ಬಾಚಬೇಕು ಅಂತ ಯಾವ ನಿಯಮವೂ ಹೇಳಲ್ಲ. ಹಾಗಾಗಿ ಜಡೆ ಇರಲಿ, ಬೆಳಗಿನ ಏಳು ಗಂಟೆಯ ಕಿತ್ತಾಟ ಮಾತ್ರ ನಿಲ್ಲಲಿ.

ಭಾನುವಾರ, ಬುಧವಾರ ತಲೆಸ್ನಾನ ಅಂತ ಇಟ್ಟುಕೊಳ್ಳಿ. ಸಿಕ್ಕು ಬಿಡಿಸೋದು ಆ ದಿನ ಕಂಡೀಷನರ್ ಹಚ್ಚಿದಾಗ ಮಾತ್ರ. ಉಳಿದ ದಿನ ರಾತ್ರಿ ಸಡಿಲ ಜಡೆ ಹಾಕಿ ಮಲಗಿಸಿ. ಬೆಳಿಗ್ಗೆ ಸ್ಪ್ರೇ ಬಾಟಲಿಯಲ್ಲಿ ನೂರು ಮಿಲಿ ನೀರಿಗೆ ಒಂದು ಟೀ ಚಮಚ ಕಂಡೀಷನರ್ ಕಲಸಿ, ಎಂಟು ಹತ್ತು ಸಲ ಚಿಮುಕಿಸಿ, ಬೆರಳಲ್ಲೇ ಬೈತಲೆ ತೆಗೆದು ಹೆಣೆಯಿರಿ. ಮುಂದಿನ ಚಿಕ್ಕ ಕೂದಲಿಗೆ ಸ್ವಲ್ಪ ಜೆಲ್ ಸವರಿ ಮೆತ್ತನೆ ಬ್ರಷ್‌ನಲ್ಲಿ ಕೂರಿಸಿ. ಐದಾರು ನಿಮಿಷದ ಕೆಲಸ. ಮಿಕ್ಕ ಕಲಸಿದ ನೀರು ಎರಡು ಮೂರು ದಿನಕ್ಕಿಂತ ಇಡಬೇಡಿ.

ಬಿಗಿಯಾಗಿ ಎಳೆದು ಹೆಣೆದರೆ ನೀಟು ಅನ್ನೋ ನಂಬಿಕೆ ಬಿಡಬೇಕು. ಹಣೆಯ ಪಕ್ಕ, ಕಿವಿಯ ಮೇಲೆ ಕೂದಲು ತೆಳ್ಳಗಾಗುತ್ತಾ ಬಂದರೆ, ಬುಡದಲ್ಲಿ ಸಣ್ಣ ಗುಳ್ಳೆ ಎದ್ದರೆ ಅದು ಎಳೆತದ ಗುರುತು. ಬೇಗ ಬಿಟ್ಟರೆ ಮತ್ತೆ ಬೆಳೆಯುತ್ತೆ, ವರ್ಷಗಟ್ಟಲೆ ನಡೆದರೆ ಆ ಜಾಗ ಬೋಳಾಗಿಯೇ ಉಳಿಯಬಹುದು. ಜಡೆ ಹಾಕಿದ ಮೇಲೆ ಮಗು ಹುಬ್ಬು ಎತ್ತಿದಾಗ ನೆತ್ತಿ ನೋಯಬಾರದು.

ತಾಯಂದಿರು ದಿನಾ ಒತ್ತಿ ಬಾಚೋಕೆ ನಿಜವಾದ ಕಾರಣ ಹೇನು. ಅದನ್ನ ತಳ್ಳಿಹಾಕೋ ಹಾಗಿಲ್ಲ. ಒಣ ತಲೆಯಲ್ಲಿ ಹೇನು ಓಡಿ ತಪ್ಪಿಸಿಕೊಳ್ಳುತ್ತೆ. ಒದ್ದೆ ಕೂದಲಿಗೆ ಧಾರಾಳವಾಗಿ ಕಂಡೀಷನರ್ ಹಚ್ಚಿದಾಗ ಅದರ ಓಟ ನಿಧಾನ ಆಗುತ್ತೆ. ಮೊದಲು ಅಗಲ ಬಾಚಣಿಗೆಯಲ್ಲಿ ಸಿಕ್ಕು ಪೂರ್ತಿ ಬಿಡಿಸಿ, ಆಮೇಲೆ ಎರಡು ಬೆರಳಗಲದ ಪಾಲು ಮಾಡಿ ಹೇನಿನ ಬಾಚಣಿಗೆಯನ್ನ ಬುಡದಿಂದ ತುದಿ ತನಕ ಎಳೆಯಿರಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ. ಮೊದಲ ದಿನ, ಐದನೇ ದಿನ, ಒಂಬತ್ತನೇ ದಿನ, ಹದಿಮೂರನೇ ದಿನ ಹೀಗೆ ಮಾಡಿದರೆ ಸೀರಿನಿಂದ ಹೊಸದಾಗಿ ಹೊರಬಂದ ಮರಿಗಳು ಮೊಟ್ಟೆ ಇಡೋ ಮುಂಚೆ ಸಿಕ್ಕಿಬೀಳುತ್ತವೆ. ಹದಿನೇಳನೇ ದಿನ ಇನ್ನೊಮ್ಮೆ ನೋಡಿ. ಗುಂಗುರು ಕೂದಲಿಗೂ ಈ ಕ್ರಮಕ್ಕೂ ಜಗಳವೇ ಇಲ್ಲ.

ಕಲ್ಲಕೆತ್ತನೆ:
ಸೌಂದರ್ಯದ ಪ್ರಶ್ನೆಗೆ ಬರ್ತೀನಿ. ಗುಂಗುರು ಕೂದಲು ನಮ್ಮ ಪರಂಪರೆಗೆ ಒಗ್ಗಲ್ಲ ಅನ್ನೋರು ಶ್ರವಣಬೆಳಗೊಳದ ಬೆಟ್ಟ ಹತ್ತಿ ನೋಡಲಿ. ಚಾವುಂಡರಾಯ ಹತ್ತನೇ ಶತಮಾನದ ಕೊನೆಯಲ್ಲಿ ಮಾಡಿಸಿದ ಗೊಮ್ಮಟನ ತಲೆ ತುಂಬಾ ಇರೋದು ಒಂದೊಂದಾಗಿ ಕಡೆದ ಪುಟ್ಟ ಪುಟ್ಟ ಗುಂಗುರುಗಳು. ಬುದ್ಧನ ವಿಗ್ರಹಗಳಲ್ಲೂ ಅಷ್ಟೇ. ಮಹಾಪುರುಷನ ಮೂವತ್ತೆರಡು ಲಕ್ಷಣಗಳನ್ನ ಹೇಳುವಾಗ ಬಲಕ್ಕೆ ಸುರುಳಿ ಸುತ್ತಿದ ಕೂದಲೂ ಅದರಲ್ಲಿ ಬರುತ್ತೆ. ಹೊಯ್ಸಳ ಶಿಲ್ಪಗಳಲ್ಲಿ ಹೆಣ್ಣುಗಳ ಹಣೆಯಂಚಿಗೆ ಸಾಲು ಮುಂಗುರುಳು ಕಡೆಯೋಕೆ ಶಿಲ್ಪಿಗಳು ಎಷ್ಟು ತಾಳ್ಮೆ ತೋರಿಸಿದ್ದಾರೆ ಅನ್ನೋದನ್ನ ಬೇಲೂರಿನಲ್ಲಿ ಹತ್ತಿರದಿಂದ ನೋಡಬೇಕು.

ಹೊಳೆಸಾಲು:
ಒಪ್ಪಿದೆ. ಆದರೆ ಕಲ್ಲಿನ ಗುಂಗುರಿಗೆ ಕೈ ಮುಗಿದ ಮನೆಯಲ್ಲೇ ಮಗಳ ಗುಂಗುರಿಗೆ ಬೈಗುಳ ಇದೆಯಲ್ಲ, ಅದು ಎಲ್ಲಿಂದ ಬಂತು?

ಮಾಳಿಗೆ ಮನೆ:
ಬಹುಶಃ ನಮ್ಮವರ ತಕರಾರು ಸುರುಳಿಗಿಂತ ಬಿಚ್ಚಿದ ಕೂದಲಿನ ಮೇಲೆ. ಎಣ್ಣೆ ಹಚ್ಚಿ ಹೆಣೆದ ಜಡೆ ಅಂದ್ರೆ ಮನೆವಂತಿಕೆ. ಬಿಚ್ಚಿದ ಕೂದಲು ಅಂದ್ರೆ ಸೂತಕ, ಸಿಟ್ಟು, ಅಂಕೆ ಇಲ್ಲದಿರುವಿಕೆ. ಮುಡಿ ಕಟ್ಟದ ದ್ರೌಪದಿಯ ಶಪಥದ ಕಥೆ ಕೇಳಿ ಬೆಳೆದ ಜನ ನಾವು. ಹುಣ್ಣಿಮೆ ಅಮಾವಾಸ್ಯೆ ದಿನ ಕೂದಲು ಬಿಟ್ಟುಕೊಂಡು ಹೊರಗೆ ಹೋಗಬೇಡ ಅನ್ನೋ ಮಾತು ಈಗಲೂ ಇದೆ. ನೇರ ಕೂದಲು ಬಿಟ್ಟರೂ ಬಾಚಿದ ಹಾಗೆ ಕಾಣುತ್ತೆ. ಗುಂಗುರು ಕೂದಲು ಹೆಣೆದಿದ್ದರೂ ಹಣೆ ಪಕ್ಕ ನಾಲ್ಕು ಎಳೆ ಹೊರಗೆ ಬಂದು ಬಿಚ್ಚಿದ ಹಾಗೆ ಕಾಣುತ್ತೆ. ಈ ಹಳೆಯ ಭಾವನೆಯ ಮೇಲೆ ಟಿವಿ ಶಾಂಪೂ ಜಾಹೀರಾತಿನ ಜಾರೋ ಕೂದಲು ಬಂದು ಕೂತಿತು. ‘ಬಾಚಣಿಗೆ ತಾನಾಗೇ ಜಾರಬೇಕು’ ಅನ್ನೋ ಅಳತೆ ಅಲ್ಲಿಂದ ಬಂದದ್ದು. ಗುಂಗುರು ಕೂದಲು ಆ ಪರೀಕ್ಷೆಯಲ್ಲಿ ಯಾವತ್ತೂ ಪಾಸಾಗಲ್ಲ, ಆಗಬೇಕಾಗೂ ಇಲ್ಲ.

ಅದಕ್ಕೇ ಹಿರಿಯರ ಹತ್ತಿರ ವಾದ ಮಾಡುವಾಗ ‘ಇದು ಫ್ಯಾಷನ್’ ಅನ್ನಬೇಡಿ. ‘ಅಜ್ಜಿ, ಎಣ್ಣೆ ಹಚ್ಚೋಣ, ಜಡೆನೂ ಹಾಕೋಣ, ಒಣಗಿದ ಮೇಲೆ ಬಾಚೋದೊಂದು ಬೇಡ’ ಅನ್ನಿ. ಅವರ ಕೈಗೇ ಎಣ್ಣೆ ಬಟ್ಟಲು ಕೊಡಿ. ತೆಂಗಿನೆಣ್ಣೆ ಬಗ್ಗೆ ಅವರು ಹೇಳೋದು ಸರಿ ಕೂಡ.

ರಸಾಯನ ಮೇಷ್ಟ್ರು:
ಹೌದು, ಅದಕ್ಕೆ ಆಧಾರ ಇದೆ. 2003ರಲ್ಲಿ ಪ್ರಕಟವಾದ ರೆಲೆ ಮತ್ತು ಮೊಹಿಲೆ ಅವರ ಪ್ರಯೋಗದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದ್ದರು. ತೊಳೆಯೋ ಮುಂಚೆ ಹಚ್ಚಿದಾಗಲೂ, ತೊಳೆದ ಮೇಲೆ ಹಚ್ಚಿದಾಗಲೂ ಕೂದಲಿನ ಪ್ರೋಟೀನ್ ನಷ್ಟ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರೋ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರ, ಎಳೆಯ ಒಳಗೆ ಇಳಿಯುತ್ತೆ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರೋ ಮ್ಯಾರಿಕೊ ಕಂಪನಿಯ ಪ್ರಯೋಗಾಲಯದವರು ಅನ್ನೋದೂ ಓದುಗರಿಗೆ ತಿಳಿದಿರಲಿ. ಆದರೆ ಎಣ್ಣೆಯನ್ನ ಜೆಲ್‌ಗಿಂತ ಮೊದಲು ಒದ್ದೆ ಕೂದಲಿಗೆ ಜಾಸ್ತಿ ಹಚ್ಚಿದರೆ ಜೆಲ್ ಹಿಡಿಯಲ್ಲ. ಎಣ್ಣೆಯ ಜಾಗ ತೊಳೆಯೋದಕ್ಕಿಂತ ಮುಂಚೆ.

ಕತ್ತರಿ ಬಾಚಣಿಗೆ:
ಪಾರ್ಲರ್‌ನಲ್ಲಿ ಏನು ನಡೆಯುತ್ತೆ ಅಂತ ಕೇಳಿದ್ರಿ. ‘ಸ್ಟ್ರೈಟನಿಂಗ್’ ಅನ್ನೋ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಕೆಲಸ ನಡೆಯುತ್ತೆ. ದುಡ್ಡು ಕೊಡೋ ಮುಂಚೆ ಯಾವುದು ಅಂತ ಕೇಳಿ, ಡಬ್ಬಿ ತೋರಿಸೋಕೆ ಹೇಳಿ.

ಬರೀ ಐರನ್ ಮಾಡೋದು ಮೊದಲನೆಯದು. ಹೈಡ್ರೋಜನ್ ಬಂಧ ಅಷ್ಟೇ ಬದಲಾಗೋದು, ನೀರು ತಾಗಿದ್ರೆ ವಾಪಸ್. ಅಪಾಯ ಶಾಖದ್ದು. ಸ್ವಲ್ಪ ಒದ್ದೆ ಇರುವಾಗ ಕಬ್ಬಿಣ ಹಿಡಿದರೆ ಎಳೆಯೊಳಗಿನ ನೀರು ಕುದ್ದು ಹಬೆಯಾಗಿ ಎಳೆ ಒಳಗಿಂದ ಬಿರಿಯುತ್ತೆ. ಚುರ್ರ್ ಅಂತ ಶಬ್ದ ಬಂದರೆ ನಿಲ್ಲಿಸೋಕೆ ಹೇಳಿ.

ರೀಬಾಂಡಿಂಗ್ ಎರಡನೆಯದು. ಅಮೋನಿಯಂ ಥಯೋಗ್ಲೈಕೊಲೇಟ್ ಕ್ರೀಮು ಹಚ್ಚಿ ಡೈಸಲ್ಫೈಡ್ ಬಂಧ ಒಡೀತಾರೆ, ತೊಳೆದು ಒಣಗಿಸಿ ಐರನ್ ಮಾಡ್ತಾರೆ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಇರೋ ನ್ಯೂಟ್ರಲೈಸರ್ ಹಚ್ಚಿ ನೇರ ಆಕಾರದಲ್ಲೇ ಬಂಧ ಕೂಡಿಸ್ತಾರೆ. ಕ್ರೀಮು ಹೊತ್ತು ಮೀರಿದರೆ ಎಳೆ ರಬ್ಬರಿನ ಥರ ಹಿಗ್ಗಿ ತುಂಡಾಗುತ್ತೆ. ‘ಕಪ್ಪು ಮೆಹಂದಿ’ ಹೆಸರಲ್ಲಿ ಲೋಹದ ಲವಣ ಬೆರೆಸಿದ ಬಣ್ಣ ಹಚ್ಚಿದ್ದರೆ ಪೆರಾಕ್ಸೈಡ್ ಜೊತೆ ಸೇರಿ ಬಿಸಿಯಾಗುತ್ತೆ, ಕೂದಲು ಸುಟ್ಟ ಹಾಗೆ ಆಗುತ್ತೆ. ಮುಂಚೆಯೇ ಹೇಳಿಬಿಡಿ. ನೇರ ಆಗೋದು ಹಚ್ಚಿದ ಕೂದಲು ಮಾತ್ರ, ಬುಡದಲ್ಲಿ ಬರೋದು ಮತ್ತೆ ಗುಂಗುರೇ.

ಮೂರನೆಯದು ‘ಕೆರಾಟಿನ್’, ‘ಸ್ಮೂತನಿಂಗ್’, ‘ಬೊಟಾಕ್ಸ್’ ಅಂತೆಲ್ಲ ಕರೆಯೋದು. ಜನ ಇದು ಪೋಷಣೆ ಅಂದ್ಕೊಂಡಿದ್ದಾರೆ. ಹೆಚ್ಚಿನವುಗಳಲ್ಲಿ ಕೆಲಸ ಮಾಡೋದು ಫಾರ್ಮಾಲ್ಡಿಹೈಡ್ ಬಿಡೋ ರಾಸಾಯನಿಕ ಅಥವಾ ಗ್ಲೈಆಕ್ಸಿಲಿಕ್ ಆಮ್ಲ. ಮೇಲೆ 200 ಡಿಗ್ರಿ ದಾಟಿದ ಐರನ್. ಹೊಗೆ ಎದ್ದು ಕಣ್ಣುಮೂಗು ಉರಿಯೋದು ಫಾರ್ಮಾಲ್ಡಿಹೈಡ್ ಗುರುತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅದನ್ನ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದವುಗಳ ಗುಂಪಿಗೆ ಸೇರಿಸಿದೆ. ಡಬ್ಬಿ ಮೇಲೆ ‘ಫಾರ್ಮಾಲ್ಡಿಹೈಡ್ ಇಲ್ಲ’ ಅಂತಿದ್ದರೂ ಪಟ್ಟಿಯಲ್ಲಿ ‘ಮೆಥಿಲೀನ್ ಗ್ಲೈಕಾಲ್’ ಇದ್ದರೆ ಬಿಸಿ ಮಾಡಿದಾಗ ಬರೋದು ಅದೇ. ಗ್ಲೈಆಕ್ಸಿಲಿಕ್ ಆಮ್ಲ ಸುರಕ್ಷಿತ ಬದಲಿ ಅಂತ ಬಂತು. ಆದರೆ 2024ರಲ್ಲಿ ಫ್ರಾನ್ಸ್‌ನ ವೈದ್ಯರು ಅದಿರೋ ಕ್ರೀಮಿನಿಂದ ಸ್ಟ್ರೈಟನಿಂಗ್ ಮಾಡಿಸಿದ ಪ್ರತಿ ಸಲವೂ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಯುವತಿಯ ಪ್ರಕರಣ ವರದಿ ಮಾಡಿದರು. ಆ ಆಮ್ಲ ಚರ್ಮದ ಮೂಲಕ ಒಳಗೆ ಹೋಗಿ ಆಕ್ಸಲೇಟ್ ಹರಳಾಗಿ ಮೂತ್ರಪಿಂಡದಲ್ಲಿ ಕೂರುತ್ತೆ ಅನ್ನೋದು ಅವರ ವಿವರಣೆ. ಹಚ್ಚಿದ ಒಂದೆರಡು ದಿನದಲ್ಲಿ ವಾಂತಿ, ಬೆನ್ನುನೋವು, ಜ್ವರ ಬಂದರೆ ವೈದ್ಯರಿಗೆ ‘ಸ್ಟ್ರೈಟನಿಂಗ್ ಮಾಡಿಸಿದೆ’ ಅಂತ ಹೇಳಲೇಬೇಕು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 33,497 ಹೆಂಗಸರನ್ನ ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಸ್ಟ್ರೈಟನರ್ ಬಳಸದವರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಸಾಧ್ಯತೆ ಶೇ. 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಶೇ. 4.05. ಇದು ಸಂಬಂಧ ತೋರಿಸುತ್ತೆ, ಇದೇ ಕಾರಣ ಅಂತ ಸಾಬೀತು ಮಾಡಲ್ಲ. ಆದರೂ ಹುಡುಗಿ ನೋಡೋಕೆ ಬರೋರ ಒಂದು ಗಂಟೆಗೋಸ್ಕರ ಇಷ್ಟು ಅಪಾಯ ಯಾಕೆ?

ತುಂಗೆ:
ಈಗಾಗಲೇ ರೀಬಾಂಡಿಂಗ್ ಮಾಡಿಸಿದವರು ವಾಪಸ್ ಗುಂಗುರಿಗೆ ಬರೋದು ಹೇಗೆ? ಯಾವುದಾದರೂ ಕ್ರೀಮು ಇದೆಯಾ ಅಕ್ಕ?

ಕತ್ತರಿ ಬಾಚಣಿಗೆ:
ಇಲ್ಲ ತುಂಗೆ. ಬೆಳೆಸಿ ಕತ್ತರಿಸೋದೊಂದೇ ದಾರಿ. ತಿಂಗಳಿಗೆ ಸರಾಸರಿ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತೆ, ಅಂದ್ರೆ ಗಲ್ಲದ ತನಕ ಬರೋಕೆ ಒಂದೂವರೆ ಎರಡು ವರ್ಷ. ಹೊಸ ಗುಂಗುರು ಮತ್ತು ಹಳೆ ನೇರ ಭಾಗ ಸೇರೋ ಗೆರೆ ಅತ್ಯಂತ ದುರ್ಬಲ, ಮುರಿಯೋದು ಅಲ್ಲೇ. ಅಲ್ಲಿ ಬಾಚಣಿಗೆ ಬೇಡ, ಬೆರಳು ಸಾಕು. ಎರಡು ಮೂರು ತಿಂಗಳಿಗೊಮ್ಮೆ ತುದಿ ತೆಗೆಸಿ. ನಡುವಿನ ದಿನಗಳಲ್ಲಿ ಒದ್ದೆ ಕೂದಲನ್ನ ಆರೆಂಟು ಪಾಲು ಮಾಡಿ ಎರಡೆಳೆ ಹೊಸೆದು ರಾತ್ರಿ ಬಿಟ್ಟರೆ ಎರಡೂ ಭಾಗ ಒಂದೇ ಥರ ಕಾಣುತ್ತೆ. ಇನ್ನೊಂದು, ಗುಂಗುರು ಕೂದಲು ಒದ್ದೆ ಇದ್ದಾಗ ಕತ್ತರಿಸಿದರೆ ಒಣಗಿದ ಮೇಲೆ ಅಂದುಕೊಂಡದ್ದಕ್ಕಿಂತ ಮೋಟಾಗುತ್ತೆ. ಒಣಗಿದ ಮೇಲೆ, ಸುರುಳಿ ಸುರುಳಿಯಾಗಿ ಕತ್ತರಿಸೋಕೆ ಹೇಳಿ. ಗಂಡುಮಕ್ಕಳಿಗೂ ಇದೇ ಮಾತು.

ಕಾಳಿ ಕಣಿವೆ:
ಇಲ್ಲಿ ಎಲ್ಲರೂ ಮಾತಾಡುತ್ತಿರುವುದು ಸಡಿಲ ಸುರುಳಿಯ ಬಗ್ಗೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದವರ ಬಿಗಿ ಗುಂಗುರನ್ನು ಸೇರಿಸದೆ ಕರ್ನಾಟಕದಲ್ಲಿ ಈ ಚರ್ಚೆ ಪೂರ್ತಿ ಆಗುವುದಿಲ್ಲ. ಆಫ್ರಿಕಾ ಮೂಲದ, ಶತಮಾನಗಳಿಂದ ಇಲ್ಲಿಯವರೇ ಆದ ಜನ. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಆದರೆ ಹೊರಗೆ ಹೋದ ಕಡೆ ‘ಯಾವ ದೇಶ?’ ಎಂಬ ಪ್ರಶ್ನೆ, ಕೇಳದೆ ತಲೆಗೆ ಕೈ ಹಾಕುವುದು ಇನ್ನೂ ನಿಂತಿಲ್ಲ. ನಮ್ಮ ಸಡಿಲ ಗುಂಗುರಿಗೆ ಗೇಲಿ, ಅವರ ಬಿಗಿ ಗುಂಗುರಿಗೆ ಪರಕೀಯತೆಯ ಮುದ್ರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

‘ಚೆನ್ನಾಗಿ ನೋಡಿಕೊಂಡರೆ ಗುಂಗುರು ಎಷ್ಟು ಚೆಂದ’ ಎನ್ನುವ ಹೊಗಳಿಕೆಯಲ್ಲೂ ಒಂದು ತೊಂದರೆ ಇದೆ. ಹೊಳೆಯುವ, ಉದ್ದ, ಎಣಿಸಬಹುದಾದಂಥ ಸುರುಳಿಗೆ ಮಾತ್ರ ಅಂಕ ಸಿಗುತ್ತದೆ. ಬಿಗಿಯಾದ, ಜೆಲ್ ಹಚ್ಚಿದರೂ ಸುರುಳಿ ಎದ್ದು ಕಾಣದ ಕೂದಲು ಮತ್ತೆ ಹೊರಗೇ ಉಳಿಯುತ್ತದೆ. ಅಮೆರಿಕದ ಕಪ್ಪು ಜನರಲ್ಲಿ ಈ ತಾರತಮ್ಯದ ಬಗ್ಗೆ ಬಹಳ ಚರ್ಚೆ ನಡೆದಿದೆ. ಅಲ್ಲಿ ಕೂದಲಿನ ಕಾರಣಕ್ಕೆ ಕೆಲಸ, ಶಾಲೆಯಲ್ಲಿ ಭೇದ ಮಾಡಬಾರದೆಂದು ಕ್ಯಾಲಿಫೋರ್ನಿಯಾ 2019ರಲ್ಲಿ ‘ಕ್ರೌನ್’ ಕಾಯ್ದೆ ತಂದಿತು, ಬೇರೆ ರಾಜ್ಯಗಳೂ ತಂದವು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರಲ್ಲಿ ಕೆಳಮನೆ ದಾಟಿದರೂ ಸೆನೆಟ್‌ನಲ್ಲಿ ನಿಂತಿತು. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ 2016ರಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ವಿದ್ಯಾರ್ಥಿನಿಯರು ತಮ್ಮ ಸಹಜ ಕೂದಲಿನ ಮೇಲಿನ ನಿಯಮಗಳ ವಿರುದ್ಧ ಬೀದಿಗಿಳಿದರು. ನಮ್ಮ ಶಾಲೆಗಳ ‘ನೀಟಾಗಿ ಬಾಚಿರಬೇಕು’ ಎಂಬ ಸಾಲನ್ನು ‘ಸ್ವಚ್ಛವಾಗಿ ಕಟ್ಟಿರಬೇಕು’ ಎಂದು ಬದಲಿಸಿದರೆ ಸಾಕು, ಬಹಳ ಮಕ್ಕಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಬಿಗಿ ಗುಂಗುರಿನವರಿಗೆ ಕ್ರಮ: ವಾರಕ್ಕೊಮ್ಮೆ ಅಥವಾ ಹತ್ತು ದಿನಕ್ಕೊಮ್ಮೆ ತೊಳೆದರೆ ಸಾಕು. ಎಂಟು ಹತ್ತು ಪಾಲು ಮಾಡಿ, ಹೊಸೆದು ಬಿಟ್ಟು, ಒಂದೊಂದನ್ನೇ ಬಿಚ್ಚಿ ತೊಳೆದು ಮತ್ತೆ ಹೊಸೆಯಿರಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜಿದರೆ ಬಿಡಿಸಲಾಗದ ಗಂಟಾಗುತ್ತದೆ. ನೀರು, ಅದರ ಮೇಲೆ ಕ್ರೀಮು, ಕೊನೆಯಲ್ಲಿ ಎಣ್ಣೆ. ಒಣ ಕೂದಲಿಗೆ ಬರೀ ಎಣ್ಣೆ ಹಚ್ಚಿದರೆ ತೇವ ಒಳಗೆ ಹೋಗುವುದಿಲ್ಲ.

ಅಂಗಳದ ದಾಸವಾಳ:
ಕಾಳಿ ಕಣಿವೆ ಅವರ ಮಾತು ಮನಸ್ಸಿಗೆ ನಾಟಿತು. ಜೆಲ್‌ಗೆ ನೂರಾರು ರೂಪಾಯಿ ಕೊಡೋಕೆ ಆಗದವರಿಗೆ ಅಗಸೆ ಬೀಜದ ಲೋಳೆ ಹೇಳ್ತೀನಿ. ಕಾಲು ಲೋಟ ಅಗಸೆ, ಎರಡು ಲೋಟ ನೀರು. ಸಣ್ಣ ಉರಿಯಲ್ಲಿ ಸೌಟು ಆಡಿಸ್ತಾ ಏಳೆಂಟು ನಿಮಿಷ ಕುದಿಸಿ. ಮೇಲೆ ಬಿಳಿ ನೊರೆ ಬಂದು, ಸೌಟು ಎತ್ತಿದಾಗ ದಾರದ ಥರ ಇಳಿದ್ರೆ ತಕ್ಷಣ ಇಳಿಸಿ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು, ಆರಿದರೆ ಬೀಜ ಬಿಟ್ಟು ಬರಲ್ಲ. ಜಾಸ್ತಿ ಕುದಿಸಿದರೂ ಇದೇ ಪಾಡು. ಫ್ರಿಜ್‌ನಲ್ಲಿ ಒಂದು ವಾರ ಇರುತ್ತೆ. ವಾಸನೆ ಹುಳಿಯಾದರೆ ಚೆಲ್ಲಿಬಿಡಿ. ದಾಸವಾಳದ ಎಲೆ ಕಿವುಚಿದ ಲೋಳೆ ಸಿಕ್ಕು ಬಿಡಿಸೋಕೆ ಬಹಳ ಒಳ್ಳೆಯದು, ಆದರೆ ಎಲೆ ಚೂರು ಉಳಿಯದ ಹಾಗೆ ಎರಡು ಸಲ ಸೋಸಿ. ಸೀಗೆಪುಡಿಯನ್ನೂ ಹಾಗೇ ತಲೆಗೆ ಹಾಕಬೇಡಿ, ಪುಡಿ ಸುರುಳಿಯೊಳಗೆ ಕೂತು ದಿನಗಟ್ಟಲೆ ಉದುರುತ್ತೆ. ಎರಡು ಚಮಚ ಪುಡಿ ಅರ್ಧ ಲೀಟರ್ ನೀರಲ್ಲಿ ಹತ್ತು ನಿಮಿಷ ಕುದಿಸಿ ಸೋಸಿದ ತಿಳಿ ಸಾಕು.

ತುಂಗೆ:
ಕೊನೆಯದಾಗಿ ಒಂದು. ಮದುವೆಗೆ ಮೊಗ್ಗಿನ ಜಡೆ ಹಾಕಬೇಕಾದರೆ ಮೊದಲು ಕೂದಲು ನೇರ ಮಾಡಿಸಲೇಬೇಕು ಅಂತಾರೆ. ನಿಜವಾ?

ಕತ್ತರಿ ಬಾಚಣಿಗೆ:
ಬೇಕಾಗೇ ಇಲ್ಲ. ನೇರ ಕೂದಲಲ್ಲಿ ಪಿನ್ ಜಾರುತ್ತೆ, ಗುಂಗುರಲ್ಲಿ ಕಚ್ಚಿ ಹಿಡಿಯುತ್ತೆ. ಹಿಂದಿನ ದಿನ ತೊಳೆದು, ಕಂಡೀಷನರ್ ಪೂರ್ತಿ ತೆಗೆದು, ಸ್ವಲ್ಪ ಜೆಲ್ ಹಚ್ಚಿ ಐದಾರು ಸಡಿಲ ಜಡೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಬಿಚ್ಚಿದಾಗ ಕೂದಲು ಶಾಖವಿಲ್ಲದೆ ಸಾಕಷ್ಟು ಉದ್ದಕ್ಕೆ ಬಂದಿರುತ್ತೆ. ಬೈತಲೆ ಬೊಟ್ಟು ಕೂರೋ ಮುಂಭಾಗಕ್ಕೆ ಮಾತ್ರ ನೀರು, ಜೆಲ್ ಹಚ್ಚಿ ಮೆತ್ತನೆ ಬ್ರಷ್ ಎಳೆದು, ಹತ್ತಿ ಬಟ್ಟೆ ಹತ್ತು ನಿಮಿಷ ಬಿಗಿಯಾಗಿ ಕಟ್ಟಿಡಿ. ಚೌರಿಯನ್ನ ಕತ್ತಿನ ಹತ್ತಿರ ಸೇರಿಸಿ ಮೂರೆಳೆ ಜಡೆ ಹೆಣೆಯಿರಿ. ಮೊಗ್ಗಿನ ಜಡೆ ಭಾರ, ಎಲ್ಲಾ ತೂಕ ಮೇಲಿನ ಒಂದೇ ಪಿನ್ನಿಗೆ ಬಿದ್ದರೆ ಧಾರೆ ಮುಗಿಯೋದರೊಳಗೆ ತಲೆನೋವು ಶುರುವಾಗುತ್ತೆ. ಮೇಲೆ, ನಡುವೆ, ಕುಚ್ಚಿನ ಹತ್ತಿರ, ಮೂರು ಕಡೆ ಯೂ ಪಿನ್ ಹಾಕಿ ಜಡೆಗೇ ದಾರದಲ್ಲಿ ಕಟ್ಟಬೇಕು. ಹಣೆಯ ಪಕ್ಕ ಬರೋ ಮುಂಗುರುಳು ಹಾಗೇ ಇರಲಿ, ಸ್ಪ್ರೇ ಹೊಡೆದು ಅಂಟಿಸೋಕೆ ಹೋಗಬೇಡಿ. ಸಂಜೆ ಜಡೆ ಬಿಚ್ಚುವಾಗ ಮೊದಲು ಕುಚ್ಚಿನ ಕಡೆಯ ಪಿನ್ ತೆಗೆಯಿರಿ, ಮೇಲಿನದು ಕೊನೆಗೆ.